ಇಂಟೇಕ್ ಮ್ಯಾನಿಫೋಲ್ಡ್ ಬದಲಿಸುವ ಮುನ್ನ: ಕಾರಿಗೆ ಶಕ್ತಿ ಬೇಕಿರುವುದು ಯಾವ ಆರ್‌ಪಿಎಂನಲ್ಲಿ?

ಕಾರಿನ ಎಂಜಿನ್‌ಗೆ ಇನ್ನಷ್ಟು ಶಕ್ತಿ ತುಂಬಲು ಹೊರಟವರು ಏರ್ ಫಿಲ್ಟರ್ ಮತ್ತು ಸೈಲೆನ್ಸರ್ ಬದಲಿಸಿದ ಮೇಲೆ ಸಾಮಾನ್ಯವಾಗಿ ಕಣ್ಣು ಹಾಕುವುದು ಇಂಟೇಕ್ ಮ್ಯಾನಿಫೋಲ್ಡ್ ಮೇಲೆ. ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬೈನಲ್ಲಿ ಹಳೆಯ ಸ್ವಿಫ್ಟ್, ಹೋಂಡಾ ಸಿಟಿ, ಆಕ್ಟೇವಿಯಾಗಳನ್ನು ಪ್ರೀತಿಯಿಂದ ಇಟ್ಟುಕೊಂಡ ಯುವಕರಿಗೆ ಈ ಬಿಡಿಭಾಗ ಈಗ ಆನ್‌ಲೈನ್‌ನಲ್ಲೇ ಸಿಗುತ್ತದೆ. ಫಳಫಳ ಹೊಳೆಯುವ ಅಲ್ಯೂಮಿನಿಯಂ, ಬಾನೆಟ್ ತೆರೆದ ಕೂಡಲೇ ಎದ್ದು ಕಾಣುವ ದಪ್ಪ ಕೊಳವೆಗಳು. ಆದರೆ ಹಾಕಿಸಿದ ಮೇಲೆ ಅನೇಕರಿಗೆ ಎದುರಾಗುವ ಅನುಭವ ಬೇರೆಯೇ. ಸಿಗ್ನಲ್‌ನಿಂದ ಹೊರಡುವಾಗ ಕಾರು ಮೊದಲಿಗಿಂತ ಮಂಕು, ಪೆಟ್ರೋಲ್ ಖರ್ಚು ಹೆಚ್ಚು, ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ 'ಚೆಕ್ ಎಂಜಿನ್' ದೀಪ.

ಇದಕ್ಕೆ ಕಾರಣ ಕಳಪೆ ಮಾಲು ಮಾತ್ರವಲ್ಲ. ಒಳ್ಳೆಯ ಕಂಪನಿಯ ಮ್ಯಾನಿಫೋಲ್ಡ್ ಕೂಡ ತಪ್ಪು ಎಂಜಿನ್‌ಗೆ ಕೂತರೆ ಇದೇ ಗತಿ. ಇಂಟೇಕ್ ಮ್ಯಾನಿಫೋಲ್ಡ್ ಶಕ್ತಿಯನ್ನು ಹೊಸದಾಗಿ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಒಂದು ವೇಗದಿಂದ ಇನ್ನೊಂದು ವೇಗಕ್ಕೆ ಸಾಗಿಸುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಸಿಕ್ಕಿದ್ದಕ್ಕೆ ಕೆಳಗೆ ಬೆಲೆ ತೆರಬೇಕಾಗುತ್ತದೆ.

ಮ್ಯಾನಿಫೋಲ್ಡ್ ಮಾಡುವ ಕೆಲಸವೇನು?

ಥ್ರಾಟಲ್ ಬಾಡಿಯ ಮೂಲಕ ಒಳಬಂದ ಗಾಳಿಯನ್ನು ಪ್ರತಿ ಸಿಲಿಂಡರ್‌ಗೂ ಸಮನಾಗಿ ಹಂಚುವುದು ಇದರ ಕೆಲಸ. ಇದರಲ್ಲಿ ಎರಡು ಮುಖ್ಯ ಭಾಗಗಳಿವೆ. ಮೊದಲು ಗಾಳಿ ಬಂದು ತುಂಬಿಕೊಳ್ಳುವ ಡಬ್ಬಿಯಂಥ ಭಾಗ ಪ್ಲೆನಮ್. ಅಲ್ಲಿಂದ ಒಂದೊಂದು ಸಿಲಿಂಡರ್‌ಗೆ ಹೋಗುವ ಕೊಳವೆ ರನ್ನರ್. ಹಂಚುವ ಗಾಳಿಯ ಪ್ರಮಾಣ ಸಣ್ಣದೇನಲ್ಲ. 1.3 ಲೀಟರ್‌ನ ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ಪೂರ್ತಿ ತುಂಬಿಕೊಂಡರೆ 6,500 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ 4,200 ಲೀಟರ್‌ಗೂ ಹೆಚ್ಚು, ಅಂದರೆ ಸೆಕೆಂಡಿಗೆ ಸುಮಾರು 70 ಲೀಟರ್.

ಗಾಳಿ ಒಂದೇ ಸಮನೆ ಹರಿಯುವುದಿಲ್ಲ ಎಂಬುದರಲ್ಲಿ ಇದರ ಗುಟ್ಟಿದೆ. ಇಂಟೇಕ್ ವಾಲ್ವ್ ತೆರೆದು ಪಿಸ್ಟನ್ ಕೆಳಗಿಳಿದಾಗ ರನ್ನರ್‌ನಲ್ಲಿ ಒತ್ತಡ ಕುಸಿದ ಅಲೆಯೊಂದು ಏಳುತ್ತದೆ. ಅದು ಶಬ್ದದ ವೇಗದಲ್ಲಿ ಪ್ಲೆನಮ್‌ವರೆಗೆ ಹೋಗಿ, ಅಲ್ಲಿ ತಿರುಗಿ, ಹೆಚ್ಚಿನ ಒತ್ತಡದ ಅಲೆಯಾಗಿ ವಾಲ್ವ್ ಬಳಿಗೆ ವಾಪಸ್ ಬರುತ್ತದೆ. ವಾಲ್ವ್ ಮುಚ್ಚುವುದಕ್ಕೆ ಸ್ವಲ್ಪ ಮೊದಲು ಅದು ತಲುಪಿದರೆ ಸಿಲಿಂಡರ್‌ನೊಳಗೆ ಇನ್ನೊಂದಿಷ್ಟು ಗಾಳಿಯನ್ನು ತಳ್ಳುತ್ತದೆ. ಟರ್ಬೊ ಇಲ್ಲದ ಎಂಜಿನ್‌ಗೆ ಇದು ಪುಕ್ಕಟೆ ಸಿಗುವ ನೂಕು. ತಡವಾಗಿ ಅಥವಾ ಬೇಗ ಬಂದರೆ ಲಾಭವಿಲ್ಲ, ಕೆಲವೊಮ್ಮೆ ನಷ್ಟ.

ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. 6,000 ಆರ್‌ಪಿಎಂನಲ್ಲಿ ಎಂಜಿನ್ ಒಂದು ಸುತ್ತು ಮುಗಿಸಲು ತೆಗೆದುಕೊಳ್ಳುವ ಸಮಯ ಸೆಕೆಂಡಿನ ನೂರನೇ ಒಂದು ಭಾಗ. ಅಲೆ ಹೋಗಿ ಬರಲು ಕಾಲು ಸುತ್ತಿನಷ್ಟು ಅವಕಾಶ ಇದೆ ಎಂದು ಹಿಡಿದರೆ ಸಿಗುವುದು 2.5 ಮಿಲಿಸೆಕೆಂಡ್. ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ಅಲೆ ಅಷ್ಟರಲ್ಲಿ 86 ಸೆಂ.ಮೀ. ಸಾಗುತ್ತದೆ. ಹೋಗಿ ಬರುವ ದಾರಿಯಾದ್ದರಿಂದ ಅರ್ಧ ಮಾಡಿದರೆ ವಾಲ್ವ್‌ನಿಂದ ಪ್ಲೆನಮ್‌ವರೆಗೆ 43 ಸೆಂ.ಮೀ. ಉದ್ದ ಬೇಕು. ಇದೇ ನೂಕು 3,000 ಆರ್‌ಪಿಎಂನಲ್ಲಿ ಬೇಕೆಂದರೆ ಉದ್ದ ಎರಡು ಪಟ್ಟು, 86 ಸೆಂ.ಮೀ. ನಿಜವಾದ ಎಂಜಿನ್‌ನಲ್ಲಿ ಕ್ಯಾಮ್‌ನ ಸಮಯ, ಗಾಳಿಯ ಬಿಸಿ, ಎರಡನೇ ಮೂರನೇ ಬಾರಿ ಮರಳುವ ಅಲೆಗಳು ಎಲ್ಲವೂ ಸೇರುವುದರಿಂದ ಅಂಕಿ ಹೀಗೇ ಇರುವುದಿಲ್ಲ. ಉದ್ದವನ್ನು ವಾಲ್ವ್‌ನಿಂದ ಅಳೆಯುವುದರಿಂದ ಸಿಲಿಂಡರ್ ಹೆಡ್‌ನೊಳಗಿನ ದಾರಿಯೂ ಇದರಲ್ಲಿ ಸೇರುತ್ತದೆ. ಆದರೆ ದಿಕ್ಕು ಬದಲಾಗದು. ಉದ್ದ ರನ್ನರ್ ಕೆಳಗಿನ ಆರ್‌ಪಿಎಂಗೆ, ಗಿಡ್ಡ ರನ್ನರ್ ಮೇಲಿನ ಆರ್‌ಪಿಎಂಗೆ.

ಅಮೆರಿಕದ ಕ್ರೈಸ್ಲರ್ ಕಂಪನಿ ಇದನ್ನು 1960ರಲ್ಲೇ ಮಾರುಕಟ್ಟೆಗೆ ತಂದಿತ್ತು. ಅದರ 300ಎಫ್ ಕಾರಿನ 413 ಘನ ಇಂಚಿನ ಎಂಜಿನ್‌ಗೆ 30 ಇಂಚು, ಅಂದರೆ ಸುಮಾರು 76 ಸೆಂ.ಮೀ. ಉದ್ದದ ರನ್ನರ್‌ಗಳಿದ್ದವು. ಎಂಜಿನ್‌ನ ಎಡಬದಿಯ ಸಿಲಿಂಡರ್‌ಗಳಿಗೆ ಬಲಬದಿಯ ಕಾರ್ಬುರೇಟರ್‌ನಿಂದ, ಬಲಬದಿಯವಕ್ಕೆ ಎಡದಿಂದ ಅಡ್ಡಡ್ಡ ಹಾಯುವಷ್ಟು ಉದ್ದ. ಶಕ್ತಿ 375 ಅಶ್ವಶಕ್ತಿ, ಗರಿಷ್ಠ ಟಾರ್ಕ್ ಸಿಗುತ್ತಿದ್ದುದು 2,800 ಆರ್‌ಪಿಎಂನಲ್ಲಿ. ಅದೇ ಎಂಜಿನ್‌ಗೆ ಒಳಗಿನ ಉದ್ದವನ್ನು ಅರ್ಧಕ್ಕೆ ಇಳಿಸಿದ ಇನ್ನೊಂದು ಆವೃತ್ತಿಯೂ ಇತ್ತು. ಅದರ ಶಕ್ತಿ 400 ಅಶ್ವಶಕ್ತಿಗೆ ಏರಿತು, ಆದರೆ ಗರಿಷ್ಠ ಟಾರ್ಕ್ ಕಡಿಮೆಯಾಯಿತು, ಸಿಗುವ ಜಾಗವೂ 3,600ರ ಸುಮಾರಿಗೆ ಸರಿಯಿತು. ಕಾರು ಕೊಳ್ಳುವಾಗ ಬ್ರೋಷರ್‌ನಲ್ಲಿ ಕಣ್ಣಿಗೆ ಬೀಳುವುದು ಆ 400. ದಿನಾ ಓಡಿಸುವಾಗ ಪಾದದಡಿ ಅನುಭವಕ್ಕೆ ಬರುವುದು ಆ 2,800.

ಘೋಡ್‌ಬಂದರ್ ರಸ್ತೆಯಲ್ಲಿ ಎಂಜಿನ್ ಎಷ್ಟು ತಿರುಗುತ್ತದೆ?

ಮ್ಯಾನಿಫೋಲ್ಡ್ ಆಯ್ಕೆಯ ಮೊದಲ ಹೆಜ್ಜೆ ಅಂಗಡಿಯಲ್ಲಿಲ್ಲ, ರಸ್ತೆಯಲ್ಲಿದೆ. ಕಾರು ದಿನದ ಹೆಚ್ಚು ಹೊತ್ತು ಯಾವ ಆರ್‌ಪಿಎಂನಲ್ಲಿ ಓಡುತ್ತದೆ ಎಂದು ಒಂದು ವಾರ ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆ. ಥಾಣೆಯ ಘೋಡ್‌ಬಂದರ್ ರಸ್ತೆ, ಕಲ್ಯಾಣ್–ಶಿಳ್ ರಸ್ತೆ, ಮುಂಬ್ರಾ ಬೈಪಾಸ್, ಥಾಣೆ–ಬೇಲಾಪುರ ರಸ್ತೆ ಇವುಗಳಲ್ಲಿ ಕಚೇರಿ ಸಮಯಕ್ಕೆ ಓಡಾಡುವ ಪೆಟ್ರೋಲ್ ಕಾರು ಬಹುಪಾಲು 1,000ದಿಂದ 2,500 ಆರ್‌ಪಿಎಂ ನಡುವೆಯೇ ತೆವಳುತ್ತದೆ. ಡೊಂಬಿವಲಿ ಪೂರ್ವದಿಂದ ಪಶ್ಚಿಮಕ್ಕೆ ದಾಟುವವರಿಗೆ ಮೂರನೇ ಗೇರ್ ಬೀಳುವುದೇ ದೊಡ್ಡ ವಿಷಯ.

ತೆರೆದ ರಸ್ತೆಯ ಕತೆಯೂ ಬಹಳ ಬೇರೆಯಲ್ಲ. 2024ರ ಜನವರಿಯಲ್ಲಿ ಉದ್ಘಾಟನೆಯಾದ, ಶಿವಡಿಯನ್ನು ನವಿ ಮುಂಬೈ ಕಡೆಗೆ ಜೋಡಿಸುವ ಅಟಲ್ ಸೇತುವಿನಲ್ಲಿ ಕಾರುಗಳ ವೇಗಮಿತಿ ಗಂಟೆಗೆ 100 ಕಿ.ಮೀ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಸಮತಟ್ಟು ಭಾಗದಲ್ಲೂ ಅಷ್ಟೇ, ಘಾಟಿಯಲ್ಲಿ ಇನ್ನೂ ಕಡಿಮೆ. ಐದು ಗೇರ್‌ನ ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಆ ವೇಗಕ್ಕೆ ಸುಮಾರು 3,000 ಆರ್‌ಪಿಎಂ ಸಾಕು. ವಾಶಿಯಿಂದ ಬೇಲಾಪುರದವರೆಗಿನ ಪಾಮ್ ಬೀಚ್ ರಸ್ತೆ ರಾತ್ರಿ ಖಾಲಿಯಾಗಿ ಕಂಡರೂ ಅದು ರೇಸ್ ಟ್ರ್ಯಾಕ್ ಅಲ್ಲ. ಅಲ್ಲಿನ ಅಪಘಾತಗಳ ಸುದ್ದಿ ಓದಿದವರಿಗೆ ಬೇರೆ ಹೇಳಬೇಕಿಲ್ಲ.

ಈ ಭಾಗದ ಕನ್ನಡಿಗರ ಕಾರುಗಳಿಗೆ ಇನ್ನೊಂದು ಕೆಲಸವಿದೆ: ವರ್ಷಕ್ಕೆ ಒಂದೆರಡು ಬಾರಿ ಊರಿಗೆ ಹೋಗಿಬರುವುದು. ಪನ್ವೇಲ್ ದಾಟಿ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉಡುಪಿ, ಮಂಗಳೂರು ಕಡೆಗೆ ಹೊರಟರೆ ಕಶೇಡಿ, ಪರಶುರಾಮ ಘಾಟಿಗಳ ಏರಿಳಿತ. ಪುಣೆ, ಕೊಲ್ಹಾಪುರದ ಮೇಲೆ ಬೆಳಗಾವಿಗೆ ಹೊರಟರೆ ಖಂಡಾಳ, ಖಂಬಾಟ್ಕಿ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಚಾಲೂ. ಘಾಟಿಯ ತಿರುವಿನಲ್ಲಿ ಲಾರಿಯೊಂದರ ಹಿಂದೆ ಸಿಕ್ಕಿ, ಎರಡನೇ ಗೇರ್‌ನಲ್ಲಿ 2,000 ಆರ್‌ಪಿಎಂನಿಂದ ಮತ್ತೆ ವೇಗ ಹಿಡಿಯಬೇಕಾದಾಗ ಬೇಕಿರುವುದು ಕೆಳಗಿನ ಟಾರ್ಕ್. ಗಿಡ್ಡ ರನ್ನರ್‌ನ ರೇಸ್ ಮ್ಯಾನಿಫೋಲ್ಡ್ ಕಸಿದುಕೊಳ್ಳುವುದು ಸರಿಯಾಗಿ ಅದನ್ನೇ.

ಹಾಗಾದರೆ ಗಿಡ್ಡ ರನ್ನರ್ ಯಾರಿಗೆ? ಕಾರನ್ನು ಟ್ರ್ಯಾಕ್‌ಗೆ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಲೋಣಾವಳ ಬಳಿಯ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲಿ ನಡೆಯುವಂಥ ಡ್ರ್ಯಾಗ್ ಸ್ಪರ್ಧೆಗೋ ಸಿದ್ಧ ಮಾಡುವವರಿಗೆ. ಅಲ್ಲಿ ಎಂಜಿನ್ 5,000ದ ಕೆಳಗೆ ಇಳಿಯುವುದೇ ಅಪರೂಪ. ಕ್ಯಾಮ್, ಸೈಲೆನ್ಸರ್, ಕಂಪ್ರೆಷನ್, ಗೇರಿಂಗ್ ಎಲ್ಲವನ್ನೂ ಅದೇ ವೇಗಕ್ಕೆ ಹೊಂದಿಸಿರುತ್ತಾರೆ. ಮ್ಯಾನಿಫೋಲ್ಡ್ ಆ ಸರಣಿಯ ಕೊನೆಯ ಕೊಂಡಿ. ಮೂಲ ಕ್ಯಾಮ್ ಹಾಗೆಯೇ ಇಟ್ಟು ಅದನ್ನು ಮಾತ್ರ ಬದಲಿಸಿದರೆ, 7,000ಕ್ಕೆ ಸಿದ್ಧವಾದ ಕೊಳವೆಯನ್ನು 6,000ಕ್ಕೇ ಉಸಿರು ಕಟ್ಟುವ ಎಂಜಿನ್‌ಗೆ ಹಾಕಿದಂತೆ.

ಯಾವ ಎಂಜಿನ್‌ಗೆ ಬೇಡವೇ ಬೇಡ

ಹೊಸ ಕಾರುಗಳ ಪೈಕಿ ಹಲವಕ್ಕೆ ಮ್ಯಾನಿಫೋಲ್ಡ್ ಬದಲಿಸುವ ಯೋಚನೆಯೇ ಬೇಡ. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ 1.0 ಟಿಎಸ್‌ಐ ಎಂಜಿನ್‌ನಲ್ಲಿ ನೀರಿನಿಂದ ತಂಪಾಗುವ ಇಂಟರ್‌ಕೂಲರ್ ಮ್ಯಾನಿಫೋಲ್ಡ್‌ನ ಒಳಗೇ ಇದೆ. ಟರ್ಬೊದಿಂದ ಬಿಸಿಯಾಗಿ ಬಂದ ಗಾಳಿ ಅಲ್ಲೇ ತಣಿದು ಸಿಲಿಂಡರ್‌ಗೆ ಹೋಗುತ್ತದೆ. ಅದನ್ನು ಕಿತ್ತರೆ ಕೂಲಿಂಗ್ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಬೇಕು.

2006ರಲ್ಲಿ ಭಾರತಕ್ಕೆ ಬಂದ ಹೋಂಡಾ ಸಿವಿಕ್‌ನ 1.8 ಲೀಟರ್ ಎಂಜಿನ್‌ನದು ಇನ್ನೊಂದು ಬಗೆ. ಅದರ ಮ್ಯಾನಿಫೋಲ್ಡ್‌ನೊಳಗೆ ವಾಲ್ವ್ ಇದ್ದು, ಕೆಳಗಿನ ಆರ್‌ಪಿಎಂನಲ್ಲಿ ಗಾಳಿಯನ್ನು ಉದ್ದದ ದಾರಿಯಲ್ಲೂ ಮೇಲೆ ಹೋದಂತೆ ಗಿಡ್ಡ ದಾರಿಯಲ್ಲೂ ಕಳಿಸುತ್ತದೆ. ಅಂದರೆ ಕಂಪನಿಯೇ ಎರಡು ಮ್ಯಾನಿಫೋಲ್ಡ್‌ಗಳನ್ನು ಒಂದರಲ್ಲಿ ಕೊಟ್ಟಿದೆ. ಅದನ್ನು ತೆಗೆದು ಒಂದೇ ಉದ್ದದ್ದನ್ನು ಹಾಕುವುದು, ರಸ್ತೆ ಕಾರಿನ ಮಟ್ಟಿಗೆ, ಇದ್ದದ್ದನ್ನು ಕಳೆದುಕೊಳ್ಳುವ ವ್ಯವಹಾರ.

ಫೋಕ್ಸ್‌ವ್ಯಾಗನ್ ಸಮೂಹದ 2.0 ಟಿಎಸ್‌ಐ ಎಂಜಿನ್‌ಗಳ ಪ್ಲಾಸ್ಟಿಕ್ ಮ್ಯಾನಿಫೋಲ್ಡ್‌ನಲ್ಲಿ ಗಾಳಿಯನ್ನು ಸುಳಿಯಾಗಿ ತಿರುಗಿಸುವ ಸಣ್ಣ ರೆಕ್ಕೆಗಳಿವೆ. ಹಳೆಯ ತಲೆಮಾರಿನ ಈ ಎಂಜಿನ್‌ಗಳಲ್ಲಿ ರೆಕ್ಕೆಗಳ ಸನ್ನೆ ಸವೆದು 'ಪಿ2015' ಎಂಬ ದೋಷ ಸಂಕೇತ ಬರುವುದು ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ. ಇಂಥಲ್ಲಿ ಬದಲಾವಣೆ ಅನಿವಾರ್ಯವಾದರೂ ರಸ್ತೆ ಕಾರಿಗೆ ಮೂಲ ಕಂಪನಿಯ ಪರಿಷ್ಕೃತ ಭಾಗವೇ ಲೇಸು. ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಹಾಕಿ ರೆಕ್ಕೆ ತೆಗೆದರೆ ತಣ್ಣನೆಯ ಎಂಜಿನ್‌ನ ಐಡ್ಲಿಂಗ್ ಒರಟಾಗುತ್ತದೆ, ಇಸಿಯುಗೂ ಅದನ್ನು ತಿಳಿಸಬೇಕಾಗುತ್ತದೆ.

2004ರ ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಂಡವರು ನೋಡಬೇಕಾದ್ದು ಪೋರ್ಟ್ ಗಾತ್ರ. ಫೋಕ್ಸ್‌ವ್ಯಾಗನ್ ಸಮೂಹದ 1.8 ಟರ್ಬೊ ಎಂಜಿನ್‌ನ ಆರಂಭದ ಕೆಲವು ಹೆಡ್‌ಗಳಿಗೆ ದೊಡ್ಡ ಪೋರ್ಟ್, ನಂತರದವಕ್ಕೆ ಸಣ್ಣದು. ಒಂದಕ್ಕೆ ಮಾಡಿದ ಮ್ಯಾನಿಫೋಲ್ಡ್ ಇನ್ನೊಂದಕ್ಕೆ ಕೂತರೂ ಜೋಡಣೆಯಲ್ಲಿ ಮೆಟ್ಟಿಲಿನಂಥ ಅಂಚು ಉಳಿದು ಗಾಳಿ ಅಲ್ಲಿ ಮುಗ್ಗರಿಸುತ್ತದೆ. 'ಎಲ್ಲ 1.8ಟಿಗೂ ಹೊಂದುತ್ತದೆ' ಎಂಬ ಜಾಹೀರಾತನ್ನು ನಂಬದೆ ಹೆಡ್‌ನ ಪೋರ್ಟ್ ಅಳೆದ ಮೇಲೆಯೇ ಹಣ ಕೊಡುವುದು ಕ್ಷೇಮ.

ಇನ್ನು ಉಳಿಯುವುದು 2005ರ ಸ್ವಿಫ್ಟ್‌ನ 1.3 ಲೀಟರ್, 87 ಅಶ್ವಶಕ್ತಿಯಂಥ ಸರಳ ಪೆಟ್ರೋಲ್ ಎಂಜಿನ್‌ಗಳು. ಎಸ್ಟೀಮ್, ಜಿಪ್ಸಿ ಕಾಲದಿಂದ ದೇಶದ ರ‍್ಯಾಲಿಗಳಲ್ಲಿ ಹೆಸರು ಮಾಡಿದ ಈ ಕುಟುಂಬದ ಎಂಜಿನ್‌ಗಳ ಬಗ್ಗೆ ಮೆಕ್ಯಾನಿಕ್‌ಗಳಿಗೆ ಬೇಕಾದಷ್ಟು ಅನುಭವವಿದೆ. ಪ್ರಯೋಗ ಮಾಡುವುದಾದರೆ ಇವು ಯೋಗ್ಯ.

ಎಂಐಡಿಸಿಯಲ್ಲಿ ಮಾಡಿಸಬಹುದೇ?

ಈ ಭಾಗದವರಿಗೆ ಒಂದು ಅನುಕೂಲವಿದೆ. ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿ ಎಂಐಡಿಸಿ, ರಬಾಳೆ, ಮಹಾಪೆ, ತುರ್ಭೆಗಳಲ್ಲಿ ಸಿಎನ್‌ಸಿ ಯಂತ್ರ, ಅಲ್ಯೂಮಿನಿಯಂ ವೆಲ್ಡಿಂಗ್ ಸಿಗುತ್ತದೆ. ಆಮದು ಮಾಡಿಸಿದರೆ ಭಾಗದ ಬೆಲೆಯ ಮೇಲೆ ಸಾಗಣೆ, ಸುಂಕ, ಜಿಎಸ್‌ಟಿ ಸೇರುತ್ತದೆ. ಇಲ್ಲೇ ತಗಡಿನಿಂದ ಮಾಡಿಸಿದರೆ ಅಗ್ಗ, ರನ್ನರ್ ಉದ್ದವನ್ನೂ ಬೇಕಾದಂತೆ ಇಡಬಹುದು.

ಆದರೆ ವೆಲ್ಡರ್ ಒಳ್ಳೆಯವನಾದ ಮಾತ್ರಕ್ಕೆ ಮ್ಯಾನಿಫೋಲ್ಡ್ ಒಳ್ಳೆಯದಾಗದು. ಮೊದಲನೆಯದಾಗಿ, ವೆಲ್ಡಿಂಗ್ ಬಿಸಿಗೆ ಹೆಡ್‌ಗೆ ಕೂರುವ ಫ್ಲ್ಯಾಂಜ್ ಸೊಟ್ಟಗಾಗುತ್ತದೆ. ವೆಲ್ಡಿಂಗ್ ಮುಗಿದ ಮೇಲೆ ಅದನ್ನು ಮತ್ತೆ ಮಿಲ್ಲಿಂಗ್ ಮಾಡಿಸಲೇಬೇಕು. ನೇರ ಅಂಚಿನ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದಾಗ ಮಿಲಿಮೀಟರಿನ ಹತ್ತನೇ ಒಂದು ಭಾಗದ ಗೇಜ್ ಎಲ್ಲಿಯೂ ಒಳಹೋಗಬಾರದು. ಎರಡನೆಯದು ಟರ್ಬೊ ಎಂಜಿನ್‌ನ ಒತ್ತಡ. 30 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಪ್ಲೆನಮ್ ಮುಚ್ಚಳದ ಮೇಲೆ 1 ಬಾರ್ ಬೂಸ್ಟ್ ಬಿದ್ದರೆ ಅದನ್ನು ಕೀಳಲು ನೋಡುವ ಬಲ ಸುಮಾರು 300 ಕಿಲೋ. ಚಪ್ಪಟೆ ತಗಡಿನ ಡಬ್ಬಿ ಉಬ್ಬುತ್ತದೆ, ಉಬ್ಬಿ ಇಳಿದು ವೆಲ್ಡಿಂಗ್ ಸೀಳುತ್ತದೆ. ಉರುಟಾದ ಪ್ಲೆನಮ್, ಒಳಗೆ ಆಧಾರದ ಪಟ್ಟಿ, ಎಂಜಿನ್‌ಗೆ ಹಾಕುವ ಮೊದಲೇ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಪರೀಕ್ಷೆ, ಇವಿಷ್ಟೂ ಬೇಕು.

ಹಂಚಿಕೆಯ ಸಮಸ್ಯೆ ಇನ್ನೂ ಸೂಕ್ಷ್ಮ. ಥ್ರಾಟಲ್ ಒಂದು ತುದಿಯಲ್ಲಿದ್ದು ಪ್ಲೆನಮ್ ನೇರ ಕೊಳವೆಯಂತಿದ್ದರೆ ಗಾಳಿ ವೇಗವಾಗಿ ಹೋಗಿ ಕೊನೆಯ ಸಿಲಿಂಡರ್‌ಗೆ ಹೆಚ್ಚು ತುಂಬಬಹುದು. ಇಸಿಯು ಎಲ್ಲದಕ್ಕೂ ಒಂದೇ ಅಳತೆಯ ಪೆಟ್ರೋಲ್ ಕೊಡುತ್ತದೆ. ಹೆಚ್ಚು ಗಾಳಿ ಸಿಕ್ಕ ಸಿಲಿಂಡರ್‌ನಲ್ಲಿ ಪೆಟ್ರೋಲ್ ಕಡಿಮೆ ಬಿದ್ದು, ಬೂಸ್ಟ್‌ನಲ್ಲಿ ನಾಕಿಂಗ್ ಬಂದು, ಪಿಸ್ಟನ್ ಕರಗುವುದು ಹೀಗೆಯೇ. ತುದಿಗೆ ಹೋದಂತೆ ಪ್ಲೆನಮ್ ಸಣ್ಣದಾಗುವುದು, ರನ್ನರ್‌ನ ಬಾಯಿ ಕಹಳೆಯಂತೆ ಅಗಲವಾಗಿರುವುದು ಚೆಂದಕ್ಕಲ್ಲ.

ಈ ವಿದ್ಯೆಯನ್ನು ಶ್ರದ್ಧೆಯಿಂದ ಕಲಿಯುತ್ತಿರುವವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ನಿಯಮದಂತೆ 710 ಸಿಸಿವರೆಗಿನ ಪೆಟ್ರೋಲ್ ಎಂಜಿನ್‌ನ ಎಲ್ಲ ಗಾಳಿಯೂ 20 ಮಿ.ಮೀ. ವ್ಯಾಸದ ಒಂದೇ ಕಂಡಿಯ ಮೂಲಕ ಬರಬೇಕು. ಹಾಗಾಗಿ ಪ್ಲೆನಮ್, ರನ್ನರ್ ವಿನ್ಯಾಸವೇ ಅಲ್ಲಿ ಪರೀಕ್ಷೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್, ಮುಂಬೈ ವಿದ್ಯಾವಿಹಾರದ ಕೆ.ಜೆ. ಸೋಮಯ್ಯ ಕಾಲೇಜಿನ ಓರಿಯನ್ ರೇಸಿಂಗ್ ಈ ಬಗೆಯ ಸ್ಪರ್ಧೆಗಳಲ್ಲಿ ಹೆಸರಾದ ತಂಡಗಳು.

ಪ್ಲಾಸ್ಟಿಕ್ ಎಂದರೆ ಅಗ್ಗ ಅಲ್ಲ

ಮೂಲ ಮ್ಯಾನಿಫೋಲ್ಡ್ ಪ್ಲಾಸ್ಟಿಕ್‌ನದು ಎಂಬ ಕಾರಣಕ್ಕೆ ಕೀಳಾಗಿ ನೋಡುವವರಿದ್ದಾರೆ. ಅದು ಗಾಜಿನ ನಾರು ಬೆರೆಸಿದ ನೈಲಾನ್. ಹಗುರ, ಒಳಮೈ ನಯ. ಎಲ್ಲಕ್ಕಿಂತ ಮುಖ್ಯ, ಅಲ್ಯೂಮಿನಿಯಂಗೆ ಹೋಲಿಸಿದರೆ ಬಿಸಿ ಸಾಗಿಸುವ ಗುಣ ನೂರಾರು ಪಟ್ಟು ಕಡಿಮೆ. ಮೇ ತಿಂಗಳ ಬಿಸಿಲಲ್ಲಿ ಶಿಳ್‌ಫಾಟಾದಲ್ಲಿ ಅರ್ಧ ಗಂಟೆ ನಿಂತ ಕಾರಿನಲ್ಲಿ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಕೈಯಿಟ್ಟರೆ ಸುಡುವಷ್ಟು ಕಾಯುತ್ತದೆ. ಒಳಹೋಗುವ ಗಾಳಿ ಬಿಸಿಯಾದರೆ ಸಾಂದ್ರತೆ ಕಡಿಮೆ, ಇಸಿಯು ಇಗ್ನಿಷನ್ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ, ಪಿಕಪ್ ಕುಂದುತ್ತದೆ. ಅಲ್ಯೂಮಿನಿಯಂ ಹಾಕಲೇಬೇಕಿದ್ದರೆ ಹೆಡ್ ಮತ್ತು ಮ್ಯಾನಿಫೋಲ್ಡ್ ನಡುವೆ ಬಿಸಿ ತಡೆಯುವ ಫೀನಾಲಿಕ್ ಸ್ಪೇಸರ್ ಹಾಕಿಸುವುದು ಒಳಿತು. ಆಗ ಬೋಲ್ಟ್ ಉದ್ದ ಸಾಲುತ್ತದೆಯೇ, ಬಾನೆಟ್ ಮುಚ್ಚುತ್ತದೆಯೇ ಎಂದೂ ನೋಡಬೇಕು.

ಎಲ್ಲರೂ ಮರೆಯುವ ಸಣ್ಣ ಪೈಪುಗಳು

ಮ್ಯಾನಿಫೋಲ್ಡ್ ಗಾಳಿ ಹಂಚುವುದಷ್ಟೇ ಅಲ್ಲ, ಬ್ರೇಕಿಗೂ ನೆರವಾಗುತ್ತದೆ. ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಬೂಸ್ಟರ್ ಸಾಮಾನ್ಯವಾಗಿ ಕೆಲಸ ಮಾಡುವುದು ಮ್ಯಾನಿಫೋಲ್ಡ್‌ನ ನಿರ್ವಾತದಿಂದ. ಆ ಪೈಪಿನ ಮೂತಿ ಸಣ್ಣದಾದರೆ, ಕ್ಲಿಪ್ ಸಡಿಲವಾದರೆ, ಪ್ರತಿ ಸಿಲಿಂಡರ್‌ಗೂ ಬೇರೆ ಬೇರೆ ಥ್ರಾಟಲ್ ಇರುವ ಮಾದರಿ ಹಾಕಿ ನಿರ್ವಾತ ದುರ್ಬಲವಾದರೆ, ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಘಾಟಿ ಇಳಿಯುವಾಗ ಇದು ಗೊತ್ತಾಗುವುದು ಬೇಡ.

ಕ್ರ್ಯಾಂಕ್‌ಕೇಸ್‌ನ ಹಬೆ ಎಳೆಯುವ ಪಿಸಿವಿ, ಟ್ಯಾಂಕಿನ ಪೆಟ್ರೋಲ್ ಆವಿ ಎಳೆಯುವ ಪೈಪ್, ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಗಾಳಿಯ ಬಿಸಿ ಅಳೆಯುವ ಸೆನ್ಸರ್ ಇವೆಲ್ಲಕ್ಕೂ ಹೊಸ ಮ್ಯಾನಿಫೋಲ್ಡ್‌ನಲ್ಲಿ ಜಾಗವಿದೆಯೇ ಎಂದು ಕೊಳ್ಳುವ ಮೊದಲೇ ಎಣಿಸಬೇಕು. ರೇಸ್‌ಗಾಗಿ ಮಾಡಿದ ಅಗ್ಗದ ನಕಲುಗಳಲ್ಲಿ ಇವು ಇರುವುದೇ ಇಲ್ಲ. ಮೆಕ್ಯಾನಿಕ್ ಒಂದೆರಡು ಪೈಪಿಗೆ ಬೂಚು ಬಡಿದು ಕಳಿಸುತ್ತಾನೆ. ಪಿಸಿವಿ ಮುಚ್ಚಿದ ಎಂಜಿನ್ ಕೆಲವೇ ತಿಂಗಳಲ್ಲಿ ಆಯಿಲ್ ಸೀಲ್‌ಗಳಿಂದ ಎಣ್ಣೆ ಕಾರುತ್ತದೆ.

ಇಂಜೆಕ್ಟರ್‌ಗಳು ಮ್ಯಾನಿಫೋಲ್ಡ್‌ನಲ್ಲೇ ಕೂರುವ ಎಂಜಿನ್‌ಗಳಲ್ಲಿ ಪೆಟ್ರೋಲ್ ರೈಲ್‌ನ ಎತ್ತರ ಒಂದೆರಡು ಮಿಲಿಮೀಟರ್ ತಪ್ಪಿದರೂ ಓ-ರಿಂಗ್ ಸರಿಯಾಗಿ ಕೂರದು, ಒತ್ತಡದಲ್ಲಿ ಪೆಟ್ರೋಲ್ ಸೋರುತ್ತದೆ. ಕಾರಿಗೆ ಬೆಂಕಿ ಹತ್ತಲು ಇಷ್ಟು ಸಾಕು. ಓ-ರಿಂಗ್ ಹಳೆಯದನ್ನೇ ಮತ್ತೆ ಹಾಕಿಸಬಾರದು. ಈಗ ಬಂಕ್‌ಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ತಾಳುವ ರಬ್ಬರಿನದನ್ನೇ ಕೇಳಿ ಪಡೆಯಬೇಕು.

ಸಿಎನ್‌ಜಿ ಕಾರುಗಳ ಮಾಲೀಕರಿಗೆ ಪ್ರತ್ಯೇಕ ಎಚ್ಚರಿಕೆ. ಹೊರಗಿನಿಂದ ಹಾಕಿಸಿದ ಸೀಕ್ವೆನ್ಷಿಯಲ್ ಕಿಟ್‌ನಲ್ಲಿ ಅನಿಲದ ನಾಝಲ್‌ಗಳು ಪ್ರತಿ ರನ್ನರ್‌ಗೂ ತೂತು ಕೊರೆದು ಕೂರಿಸಿದವು. ಮ್ಯಾನಿಫೋಲ್ಡ್ ಬದಲಿಸಿದರೆ ಅವನ್ನೂ ಹೊಸದಾಗಿ ಕೊರೆಯಬೇಕು. ಅಧಿಕೃತ ಕೇಂದ್ರದ ಹೊರಗೆ ಅದನ್ನು ಮುಟ್ಟುವುದು ಅಪಾಯ. ಮನೆಮಂದಿ ಓಡಾಡುವ ಸಿಎನ್‌ಜಿ ಕಾರಿಗೆ ಈ ಸಾಹಸ ಬೇಕಿಲ್ಲ.

ಇಸಿಯುಗೆ ಹೇಳದೆ ನಡೆಯದು

ಮಾರುತಿ, ಹೋಂಡಾಗಳ ಹಲವು ಎಂಜಿನ್‌ಗಳು ಒಳಬಂದ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಮ್ಯಾನಿಫೋಲ್ಡ್‌ನ ಒತ್ತಡ, ಆರ್‌ಪಿಎಂ, ಬಿಸಿ ನೋಡಿ 'ಇಷ್ಟು ಗಾಳಿ ಇರಬೇಕು' ಎಂದು ಕಂಪನಿ ಬರೆದಿಟ್ಟ ಕೋಷ್ಟಕದಿಂದ ಊಹಿಸುತ್ತವೆ. ಆ ಕೋಷ್ಟಕ ಮೂಲ ಮ್ಯಾನಿಫೋಲ್ಡ್‌ನದು. ಹೊಸದರಲ್ಲಿ ಸಿಲಿಂಡರ್ ತುಂಬುವ ರೀತಿಯೇ ಬೇರೆ. ನಿಧಾನವಾಗಿ ಓಡಿಸುವಾಗ ಆಕ್ಸಿಜನ್ ಸೆನ್ಸರ್ ಇದನ್ನು ಸರಿದೂಗಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹೆಚ್ಚಿನ ಕಾರುಗಳಲ್ಲಿ ಆ ತಿದ್ದುಪಡಿ ನಿಂತುಬಿಡುತ್ತದೆ, ಎಂಜಿನ್ ಕೋಷ್ಟಕವನ್ನೇ ನಂಬಿ ಓಡುತ್ತದೆ. ಅಪಾಯ ಇರುವುದು ಅಲ್ಲಿಯೇ.

ಆದ್ದರಿಂದ ಮ್ಯಾನಿಫೋಲ್ಡ್‌ನ ಬಜೆಟ್‌ನಲ್ಲಿ ಡೈನೊ ಮೇಲಿನ ಟ್ಯೂನಿಂಗ್ ಖರ್ಚು ಸೇರಿಯೇ ಇರಬೇಕು. ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಅದೇ ಡೈನೊದಲ್ಲಿ ಓಡಿಸಿ ಎರಡೂ ಗ್ರಾಫ್ ಪಡೆಯಬೇಕು. ನೋಡಬೇಕಾದ್ದು ತುದಿಯ ಅಂಕಿಯನ್ನಲ್ಲ, 2,000ದಿಂದ 4,000ದವರೆಗಿನ ಗೆರೆಯನ್ನು. 'ಮುಂಚಿನ ಗ್ರಾಫ್ ಏಕೆ, ಸುಮ್ಮನೆ ದುಡ್ಡು ದಂಡ' ಎನ್ನುವ ಗ್ಯಾರೇಜ್‌ನಿಂದ ದೂರ ಇರುವುದು ಒಳ್ಳೆಯದು.

ಆರ್‌ಟಿಒ, ಪಿಯುಸಿ, ವಿಮೆ

ಥಾಣೆಯ ಎಂಎಚ್-04, ಕಲ್ಯಾಣದ ಎಂಎಚ್-05, ನವಿ ಮುಂಬೈನ ಎಂಎಚ್-43, ಪನ್ವೇಲ್‌ನ ಎಂಎಚ್-46, ನಂಬರ್ ಪ್ಲೇಟ್ ಯಾವುದಾದರೂ ಕಾನೂನು ಒಂದೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಆರ್‌ಸಿ ವಿವರ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್, ಅನುಮತಿಯಿಲ್ಲದೆ ಭಾಗಗಳನ್ನು ಅಳವಡಿಸಿ ವಾಹನ ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ.

ಆರ್‌ಸಿಯಲ್ಲಿ ಇಂಟೇಕ್ ಮ್ಯಾನಿಫೋಲ್ಡ್ ಎಂಬ ಕಾಲಂ ಇಲ್ಲವಲ್ಲ ಎಂಬ ವಾದ ಗ್ಯಾರೇಜ್‌ಗಳಲ್ಲಿ ಕೇಳಿಬರುತ್ತದೆ. ಅದು ನಿಜವೇ. ಆದರೆ ವಾಹನಕ್ಕೆ ಮಾಲಿನ್ಯ ಮಟ್ಟದ ಅನುಮೋದನೆ ಸಿಕ್ಕಿರುವುದು ಮೂಲ ಭಾಗಗಳೊಂದಿಗೆ. ಬೋರ್ ದೊಡ್ಡದು ಮಾಡಿ ಸಿಸಿ ಬದಲಾಗಿದ್ದರೆ, ಎಂಜಿನ್ನೇ ಬದಲಾಗಿದ್ದರೆ ವಾದಕ್ಕೂ ಜಾಗವಿಲ್ಲ. ಅಮೆರಿಕದ ಮ್ಯಾನಿಫೋಲ್ಡ್‌ಗಳ ಮೇಲೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರುವುದುಂಟು. ಅದನ್ನು ತೋರಿಸಿ 'ಲೀಗಲ್' ಎಂದು ಮಾರುತ್ತಾರೆ. ಕಲ್ಯಾಣದ ಆರ್‌ಟಿಒದಲ್ಲಿ ಅದು ಬರೀ ಚೀಟಿ.

ಪಿಯುಸಿ ಪರೀಕ್ಷೆ ನೋಡುವುದು ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್‌ಗಳನ್ನು. ಗಾಳಿ ಸೋರುವ, ಐಡ್ಲಿಂಗ್‌ನಲ್ಲಿ ತಡವರಿಸುವ ಎಂಜಿನ್ ಅಲ್ಲೇ ಸಿಕ್ಕಿಬೀಳುತ್ತದೆ. ವಿಮಾ ಕಂಪನಿಗೆ ಮಾರ್ಪಾಡು ತಿಳಿಸದಿದ್ದರೆ ಅಪಘಾತ ಅಥವಾ ಬೆಂಕಿಯ ಕ್ಲೇಮ್ ತಿರಸ್ಕೃತವಾಗಬಹುದು. ಈ ನಷ್ಟದ ಮುಂದೆ ಐದು ಸಾವಿರದ ದಂಡ ಏನೂ ಅಲ್ಲ. ವಾರಂಟಿ ಉಳಿದಿರುವ ಕಾರಾದರೆ ಮ್ಯಾನಿಫೋಲ್ಡ್ ವಿಚಾರವನ್ನು ವಾರಂಟಿ ಮುಗಿಯುವವರೆಗೆ ಬದಿಗಿಡುವುದೇ ಜಾಣತನ. ಟ್ರ್ಯಾಕ್‌ಗೆಂದೇ ಇಟ್ಟ ಕಾರನ್ನು ಗಂಭೀರವಾಗಿ ಸ್ಪರ್ಧಿಸುವವರು ಟ್ರಕ್ ಮೇಲೆ ಸಾಗಿಸುವುದು ಸುಮ್ಮನೆ ಅಲ್ಲ.

ಕೊಳ್ಳುವಾಗ, ಕೂರಿಸುವಾಗ

ಪ್ರಸಿದ್ಧ ಬ್ರ್ಯಾಂಡ್‌ಗಳ ನಕಲುಗಳು ಆನ್‌ಲೈನ್‌ನಲ್ಲಿ ಧಾರಾಳ. ಲೋಗೊ ಅಚ್ಚುಕಟ್ಟಾಗಿದ್ದರೂ ರನ್ನರ್‌ನ ಒಳಗೆ ಬೆರಳಾಡಿಸಿದರೆ ಗುಟ್ಟು ತಿಳಿಯುತ್ತದೆ: ಎರಕದ ಮರಳಿನ ಕಣ, ಒರಟು ಗಂಟು, ಒಂದು ಪೋರ್ಟ್ ಇನ್ನೊಂದಕ್ಕಿಂತ ಕೆಳಗೆ. ಆ ಮರಳು ಕಳಚಿ ಸಿಲಿಂಡರ್ ಸೇರಿದರೆ ರಿಂಗ್ ಗೀಚಿಬಿಡುತ್ತದೆ. ಕುರ್ಲಾದ ಹಳೆ ಬಿಡಿಭಾಗದ ಅಂಗಡಿಗಳಲ್ಲಿ ಮೂಲ ಕಂಪನಿಯ ಮ್ಯಾನಿಫೋಲ್ಡ್ ಸಿಕ್ಕರೆ ಅದನ್ನೇ ಪೋರ್ಟ್‌ಗೆ ಸರಿಹೊಂದುವಂತೆ ಉಜ್ಜಿಸಿ ಹಾಕಿಸುವುದು, ರಸ್ತೆ ಕಾರಿಗೆ, ಎಷ್ಟೋ ಆಮದು ಮಾಲಿಗಿಂತ ಮೇಲು.

ಕೂರಿಸುವಾಗ ಹೊಸ ಪ್ಯಾಕಿಂಗ್ ಹಾಕಿ, ಕೈಪಿಡಿಯಲ್ಲಿ ಹೇಳಿದ ಟಾರ್ಕ್‌ಗೆ ನಡುವಿನಿಂದ ಹೊರಕ್ಕೆ ಬೋಲ್ಟ್ ಬಿಗಿಯಬೇಕು. ಸಿಲಿಕಾನ್ ಪೇಸ್ಟ್ ಬಳಿದು ಸೋರಿಕೆ ಮುಚ್ಚುವುದು ಕೆಲಸ ಗೊತ್ತಿಲ್ಲದವರ ದಾರಿ. ಸ್ಟಾರ್ಟ್ ಮಾಡುವ ಮೊದಲು ಹೊಗೆ ಪರೀಕ್ಷೆ, ಮಾಡಿದ ಮೇಲೆ ಓಬಿಡಿ ಸ್ಕ್ಯಾನರ್‌ನಲ್ಲಿ ಫ್ಯುಯೆಲ್ ಟ್ರಿಮ್ ನೋಡಬೇಕು. ಅದು ಶೇ 10ನ್ನು ಮೀರಿ ಪ್ಲಸ್ ಕಡೆಗೆ ಹೋಗಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದೇ ಮೊದಲ ಅನುಮಾನ.

ಮ್ಯಾನಿಫೋಲ್ಡ್ ಜೊತೆಗೆ ಬರುವ ಗಾಳಿ ಕೊಳವೆಯ ಮೇಲೂ ಒಂದು ಕಣ್ಣಿರಲಿ. ತಂಪು ಗಾಳಿಗೆಂದು ಫಿಲ್ಟರನ್ನು ಬಂಪರ್ ಹಿಂದೆ ತಗ್ಗಿನಲ್ಲಿ ಇಡುವ ಕಿಟ್‌ಗಳಿವೆ. 2005ರ ಜುಲೈ 26ರ ಪ್ರವಾಹ ಕಂಡ ಈ ಊರುಗಳಲ್ಲಿ ಪ್ರತಿ ಮಳೆಗಾಲಕ್ಕೂ ರಸ್ತೆಯ ಮೇಲೆ ನೀರು ನಿಲ್ಲುತ್ತದೆ. ಫಿಲ್ಟರ್ ನೀರು ಕುಡಿದರೆ ಅದು ನೇರ ಸಿಲಿಂಡರ್‌ಗೆ, ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಕೆಲಸ ಬರುತ್ತದೆ. ಕಂಪನಿ ಫಿಲ್ಟರ್ ಡಬ್ಬಿಯನ್ನು ಎತ್ತರದಲ್ಲಿ ಇಟ್ಟದ್ದು ಈ ಕಾರಣಕ್ಕೂ ಹೌದು.

ಸಾವಿರ ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್‌ಗಳನ್ನು ತಣ್ಣನೆಯ ಎಂಜಿನ್‌ನಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಬಿಚ್ಚಿದ ಮೂಲ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕದೆ, ಪೋರ್ಟ್‌ಗಳಿಗೆ ಟೇಪ್ ಅಂಟಿಸಿ, ಬೋಲ್ಟ್, ಸೆನ್ಸರ್, ಕ್ಲಿಪ್‌ಗಳ ಸಮೇತ ಎತ್ತಿಡಬೇಕು. ಫ್ಲ್ಯಾಟ್‌ನ ಮಾಳಿಗೆಯಲ್ಲಿ ಜಾಗಕ್ಕೆ ಬರ ಇದ್ದರೂ ಸರಿ, ಕಾರು ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.